ಗುಡ್ಡದೊಳಗಿನ ಗಂಡಿನ ಕತೆ ಕೇಳಿದ ಅಕ್ಕ

ಹಣೆಯ ಮೇಲೆ ಎಂಟಾಣೆಯಗಲದ ಕುಂಕುಮ. ಬೆಳಿಗ್ಗೆ ಇಟ್ಟುಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಮೂಗಿನ ಮೇಲೆ ಸಣ್ಣ ಗೆರೆಯಾಗಿ ಇಳಿದಿರುತ್ತಿತ್ತು. ಅದನ್ನು ಸೆರಗಿನ ತುದಿಯಿಂದ ಒತ್ತಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ನೀರಿನ ವಾಲ್ವ್ ತಿರುಗಿಸುತ್ತ ನಿಂತಿದ್ದ, ಅರವತ್ತರ ಆಸುಪಾಸಿನ ಅಕ್ಕನನ್ನು ನಾನು ಮೊದಲು ಕಂಡದ್ದು ಬೆಂಗಳೂರಂಚಿನ ಹೂಡಿಯ ಒಂದು ವಠಾರದಲ್ಲಿ. ಬಾಡಿಗೆಗಿದ್ದವರೆಲ್ಲ ಅವರನ್ನು ಓನರ್ ಅಕ್ಕ ಎನ್ನುತ್ತಿದ್ದರು. ನಿಜಕ್ಕೂ ಅವರು ಯಾವುದಕ್ಕೂ ಓನರ್ ಆಗಿರಲಿಲ್ಲ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲು ರೂಮು ಕಟ್ಟಿಸಿದ್ದು ಅವರ ತಮ್ಮ. ಅಕ್ಕನಿಗೆ ನೀರಿನ ಸಂಪಿನ ಪಕ್ಕದ ಕೊನೆಯ ರೂಮು, ಎರಡು ಹೊತ್ತಿನ ಊಟ, ಮೋಟಾರು ನೋಡಿಕೊಳ್ಳುವ ಕೆಲಸ.

ನಾನು ಕೊಪ್ಪಳದ ಕಡೆಯವಳು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ವಿದೇಶದ ಪುಸ್ತಕಗಳ ಕರಡು ತಿದ್ದುವ ಕೆಲಸ ನನ್ನದು. ಒಮ್ಮೆ ಯುರೋಪಿನ ಕೆಲ್ಟರೆಂಬ ಹಳೆಯ ಜನರ ಪುರಾಣಗಳ ಪುಸ್ತಕವೊಂದು ನನ್ನ ಪಾಲಿಗೆ ಬಂತು. ಓಕ್ ಮರದ ತೋಪುಗಳಲ್ಲಿ ಪೂಜೆ ಮಾಡುತ್ತಿದ್ದ ಡ್ರೂಯಿಡ್ ಎಂಬ ಗುರುಗಳು, ಗುಡ್ಡಗಳ ಒಳಗೆ ಮುಪ್ಪಿಲ್ಲದೆ ಬದುಕುವ ಇನ್ನೊಂದು ಲೋಕದವರು, ಸುಗ್ಗಿ ಮುಗಿದು ಚಳಿ ಕಾಲಿಡುವ ದಿನ ಎರಡು ಲೋಕಗಳ ನಡುವೆ ತೆರೆಯುವ ಬಾಗಿಲು. ತಪ್ಪು ಹುಡುಕುವುದನ್ನು ಮರೆತು ಓದಿದೆ. ಆಮೇಲೆ ನಾನೇ ಕನ್ನಡದಲ್ಲಿ ಕಾದಂಬರಿ ಬರೆಯತೊಡಗಿದೆ. ಡ್ರೂಯಿಡ್ ಗುರುವಿನ ಮಗಳು ಬ್ರೆನ್ವಾ, ಗುಡ್ಡದೊಳಗಿನಿಂದ ಬಂದ ಒಬ್ಬ ಗಂಡು, ಅವರಿಬ್ಬರ ಪ್ರೀತಿ. ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಷ್ಟು ಹತ್ತಿರದವರು ಆ ಊರಿನಲ್ಲಿ ಯಾರೂ ಇರಲಿಲ್ಲ ಎನ್ನುವುದೇ ಸರಿ.

ಭಾನುವಾರ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ಮೆಣಸಿನಕಾಯಿ ಒಣಹಾಕಲು ಬಂದ ಅಕ್ಕ ಮೊರ ಹಿಡಿದೇ ನಿಂತರು.

"ಯಾರ್ ಜತೆ ಮಾತಾಡ್ತಾ ಇದ್ದೀಯ? ಫೋನೂ ಕಾಣೆ."

"ಕತೆ ಅಕ್ಕಾ. ನಾನೇ ಬರದೀನಿ."

"ಅಂಗಾ? ಓದು ಮತ್ತೆ, ಕೇಳಾಣ."

ಓದಿದೆ. ಡ್ರೂಯಿಡ್ ಗುರು ಮರ ಕಡಿಯಲು ಬಂದವರನ್ನು ತಡೆಯುವ ಭಾಗ. ಅಕ್ಕ ಮೆಣಸಿನಕಾಯಿ ಹರಡುವುದನ್ನು ನಿಲ್ಲಿಸಿದರು. "ಮರಕ್ಕೆ ಕೈಮುಗಿಯೋರಾ? ಅಂಗಾದ್ರೆ ನಮ್ಮೋರೇ ಬುಡು," ಎಂದರು. ಬ್ರೆನ್ವಾ ಎಂಬ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ. ಅವಳು ಬೀನಮ್ಮ ಆದಳು. ನಾಯಕನಿಗೆ ನಾನು ಕಷ್ಟಪಟ್ಟು ಹುಡುಕಿದ್ದ ಹೆಸರನ್ನು ಅವರು ಒಮ್ಮೆಯೂ ಹೇಳಲಿಲ್ಲ. ಅವನು ಕೊನೆಯವರೆಗೂ "ಗುಡ್ಡದೋನು".

ಅಂದಿನಿಂದ ಭಾನುವಾರಗಳು ನಮ್ಮವಾದವು. ಅಕ್ಕ ಒಳ್ಳೆಯ ಕೇಳುಗರು. ಹೊಗಳುತ್ತಿರಲಿಲ್ಲ, ತೂಕಡಿಸುತ್ತಲೂ ಇರಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತವರು ಇದ್ದಕ್ಕಿದ್ದಂತೆ ತಡೆಯುತ್ತಿದ್ದರು. "ಬೀನಮ್ಮ ಬೆಳಗಿಂದ ಕಾಡಲ್ಲವ್ಳೆ. ಉಂಡ್ಳಾ?" ನಾನು ನಾಯಕಿಗೆ ಊಟ ಹಾಕಿಯೇ ಮುಂದೆ ಹೋಗಬೇಕಾಗುತ್ತಿತ್ತು. ಮುತ್ತಿಡುವ ಜಾಗ ಬಂದಾಗ ನಾನು ತಡವರಿಸಿದರೆ, "ಓದ್ ಓದು, ನಾನೇನ್ ಮಗೀನಾ?" ಎಂದು ಮುಖ ಆಚೆ ತಿರುಗಿಸಿ ನಗುತ್ತಿದ್ದರು.

ಅವರ ಕತೆ ನನಗೆ ತಿಳಿದದ್ದು ಪಕ್ಕದ ರೂಮಿನ ರಾಯಚೂರಿನ ಹೆಂಗಸಿನಿಂದ. ಅಕ್ಕನ ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿದ್ದರು. ಮದುವೆಯಾದ ಹೊಸತರಲ್ಲೇ ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದವರು ಮರಳಿ ಬರಲಿಲ್ಲ. ಮುಂಬಯಿಯಲ್ಲಿದ್ದಾನೆ, ಅಲ್ಲೊಂದು ಸಂಸಾರವಿದೆ ಎಂದು ಯಾರೋ ಹೇಳಿದರು. ಅಕ್ಕ ತವರಿಗೆ ಬಂದರು. ಮುತ್ತೈದೆಯೆಂದು ಅರಿಶಿನ ಕುಂಕುಮಕ್ಕೆ ಕರೆಯುವವರಿಗೆ ಅನುಮಾನ, ವಿಧವೆಯೆಂದು ಬಿಡುವವರಿಗೂ ಅನುಮಾನ. ಕ್ರಮೇಣ ಯಾರೂ ಕರೆಯದಾದರು.

ಕಾದಂಬರಿಯಲ್ಲಿ ಗುಡ್ಡದವನು ತನ್ನ ಲೋಕಕ್ಕೆ ಮರಳುವ ಅಧ್ಯಾಯ ಬಂತು. ಬಾಗಿಲು ತೆರೆದಾಗ ಬರುತ್ತೇನೆ ಎಂದು ಮಾತುಕೊಟ್ಟು ಹೋಗುತ್ತಾನೆ.

"ಬತ್ತಾನಾ?" ಅಕ್ಕ ಕೇಳಿದರು.

"ಬರ್ತಾನಕ್ಕಾ. ಆದ್ರ ಅಲ್ಲಿ ಒಂದು ರಾತ್ರಿ ಕಳೆಯೋದ್ರಾಗ ಇಲ್ಲಿ ಎಷ್ಟೋ ವರ್ಷ ಆಗಿರ್ತಾವು. ಅಲ್ಲೀತನ ಆಕಿ ಕಾಯ್ತಾಳ. ಮುದುಕಿ ಆಗಿರ್ತಾಳ. ಆದ್ರೂ ಅಂವಾ ಗುರುತು ಹಿಡೀತಾನ."

ಓದುಗರು ಕಣ್ಣೊರೆಸಿಕೊಳ್ಳುವ ಕೊನೆ ಅದು ಎಂದು ನನಗೆ ಹೆಮ್ಮೆಯಿತ್ತು. ಅಕ್ಕ ಅವರೆ ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಎದ್ದರು. "ಕಾಯೋದ್ರಾಗೆ ಏನೂ ಚಂದ ಇಲ್ಲ ಕಣವ್ವ," ಎಂದಷ್ಟೇ ಹೇಳಿ ಇಳಿದುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರಾಚೆಯ ಭಾನುವಾರವೂ ಬರಲಿಲ್ಲ. ನಾನು ಒಬ್ಬಳೇ ಕೂತು ಬರೆಯಲು ನೋಡಿದೆ. ಒಂದು ಸಾಲೂ ಮೂಡಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಕ್ಕನ ತಮ್ಮ ಆಟೋದಲ್ಲಿ ಮುದುಕರೊಬ್ಬರನ್ನು ಕರೆತಂದರು. ಬತ್ತಿದ ಮೈ, ಕೈಯಲ್ಲಿ ಬಟ್ಟೆಯ ಚೀಲ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅವರೇ ಅಕ್ಕನ ಗಂಡ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮುಂಬಯಿಯ ಸಂಸಾರ ಅವರನ್ನು ಹೊರಗೆ ಹಾಕಿತ್ತಂತೆ. ನಾವೆಲ್ಲ ಬಾಗಿಲುಗಳಲ್ಲಿ ನಿಂತಿದ್ದೆವು.

"ಏನೇ ಆಗ್ಲಿ, ತಾಳಿ ಕಟ್ಟಿದೋನು," ತಮ್ಮ ಹೇಳಿದರು. "ಒಳಕ್ ಕರ್ಕೊ ಅಕ್ಕ. ಜನ ನೋಡ್ತವ್ರೆ."

ಅಕ್ಕ ನೀರು ತಂದುಕೊಟ್ಟರು. ಒಳಗೆ ಹೋಗಿ ಬಿಸಿ ಮುದ್ದೆ, ಬಸ್ಸಾರು ತಂದು ಅಂಗಳದಲ್ಲೇ ಬಡಿಸಿದರು. ಎದುರಿಗೆ ಮೆಟ್ಟಿಲ ಮೇಲೆ ಕೂತು ಅವರು ಉಣ್ಣುವುದನ್ನೇ ನೋಡಿದರು. ಕೈ ತೊಳೆಸಿದ ಮೇಲೆ ಕೇಳಿದರು:

"ಆವತ್ತು ಡಬ್ಬಿ ಕಟ್ಟಿ ಕೊಟ್ಟಿದ್ನಲ್ಲ. ಅದನ್ನ ಉಂಡಾ, ಚೆಲ್ದಾ?"

"ಯಾವತ್ತು?"

"ನೀನು ಬುಟ್ಟೋದ ದಿನ."

ಮುದುಕರು ಬಹಳ ಹೊತ್ತು ಯೋಚಿಸಿದರು. "ಗ್ಯಾಪಕ ಇಲ್ಲ," ಎಂದರು.

"ನಂಗೈತೆ. ಚಿತ್ರಾನ್ನ. ನೀನು ಕೇಳ್ದೆ ಅಂತ ಕಡ್ಲೆಬೀಜ ಜಾಸ್ತಿ ಆಕಿದ್ದೆ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದರು. "ಒತ್ತು ಮುಳುಗೋಕ್ ಮುಂಚೆ ಒಂಟ್ಬುಡು. ಮೆಜೆಸ್ಟಿಕ್‌ಗೆ ಬಸ್ ಸಿಕ್ತದೆ."

ತಮ್ಮ ಕೂಗಾಡಿದರು. "ನಾನ್ ಇಷ್ಟ್ ವರ್ಸ ಸಾಕಿದ್ದು ಇದಕ್ಕಾ?" ಎಂದರು. ಅಕ್ಕ ಬಾಗಿಲು ಹಾಕಿಕೊಂಡರು. ಮುದುಕರು ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಡೆದುಹೋದರು. ಆ ಸಂಜೆಯಿಂದ ತಮ್ಮ ಅಕ್ಕನೊಡನೆ ಮಾತು ಬಿಟ್ಟರು. ಊಟ ಕೆಲಸದವಳ ಕೈಯಲ್ಲಿ ಬರುತ್ತಿತ್ತು.

ಭಾನುವಾರ ಅಕ್ಕ ತಾರಸಿಗೆ ಬಂದರು. ಕಣ್ಣು ಊದಿಕೊಂಡಿತ್ತು. ನನ್ನ ಪಕ್ಕ ಕೂತು, "ಎಲ್ಲಿಗೆ ನಿಲ್ಸಿದ್ದೆ?" ಎಂದರು.

"ಮುಂದ ಬರಿಯಾಕ ಆಗವಲ್ದು ಅಕ್ಕಾ."

ಅವರು ಎದುರಿನ ಟೆಕ್ ಪಾರ್ಕಿನ ಗಾಜಿನ ಗೋಡೆಗಳ ಕಡೆ ನೋಡಿದರು. "ಬಾಗ್ಲು ತೆಗೆಯೋ ದಿನ ಬೀನಮ್ಮ ಮನೇಲಿ ಇರಬಾರ್ದು," ಎಂದರು.

"ಎಲ್ಲಿರ್ತಾಳ ಮತ್ತ?"

"ಎಲ್ಲಾದ್ರೂ ಇರ್ಲಿ. ಅವಳ್ಗೂ ಕೆಲ್ಸ ಇರ್ತದೆ."

ಹಾಗೇ ಬರೆದೆ. ಗುಡ್ಡದವನು ಬರುವ ದಿನ ಬ್ರೆನ್ವಾಳ ಮನೆಗೆ ಬೀಗ. ಅವಳು ಬರ ಬಿದ್ದ ಇನ್ನೊಂದು ಊರಿನಲ್ಲಿ ಅಲ್ಲಿಯ ಮಕ್ಕಳನ್ನು ಕಟ್ಟಿಕೊಂಡು ಓಕ್ ಸಸಿ ನೆಡುತ್ತಿದ್ದಾಳೆ. ಅವನು ಮುಚ್ಚಿದ ಬಾಗಿಲ ಮುಂದೆ ಕತ್ತಲಾಗುವವರೆಗೆ ನಿಲ್ಲುತ್ತಾನೆ. ಓದಿ ಮುಗಿಸಿದಾಗ ಅಕ್ಕ ಮೆಚ್ಚಿಯಾರು ಎಂದುಕೊಂಡಿದ್ದೆ. ಅವರು "ಅವ್ನೂ ಪಾಪ," ಎಂದರು. "ಅಲ್ಲೀಗೂ ಇಲ್ಲ, ಇಲ್ಲೀಗೂ ಇಲ್ಲ. ಬಾಗ್ಲಲ್ಲಿ ಒಂದು ಚೊಂಬು ನೀರಾದ್ರೂ ಇಟ್ಟೋಗಿರ್ಬೇಕಿತ್ತು ಅವಳು." ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೈಯಿಟ್ಟಿರಲಿಲ್ಲವೇನೋ, ಅವರ ಮೈ ಒಮ್ಮೆ ಬೆಚ್ಚಿತು.

ಚೊಂಬು ನೀರು ಕಾದಂಬರಿಯಲ್ಲಿದೆ. ಓದಿದವರು ಬೇರೆಲ್ಲ ಮರೆತರೂ ಅದನ್ನು ನೆನೆಸಿಕೊಳ್ಳುತ್ತಾರೆ. ಅದು ನನಗೆ ಹೊಳೆದದ್ದಲ್ಲ ಎಂದು ಈಗ ಹೇಳುತ್ತಿದ್ದೇನೆ.

ಪುಸ್ತಕ ಅಚ್ಚಾಗುವ ಮೊದಲೇ ಕಂಪನಿ ಎಲೆಕ್ಟ್ರಾನಿಕ್ ಸಿಟಿಗೆ ಹೋಯಿತು, ನಾನೂ ಹೋದೆ. ಭಾನುವಾರ ಅಷ್ಟು ದೂರ ಹೋಗಿಬರುವುದು ಮೊದಮೊದಲು ಸಾಧ್ಯವಾಗುತ್ತಿತ್ತು, ಆಮೇಲೆ ಫೋನಿನಲ್ಲಿ ಮಾತು. ಒಂದು ಬೆಳಿಗ್ಗೆ ರಾಯಚೂರಿನ ಹೆಂಗಸು ಫೋನು ಮಾಡಿ, "ಓನರ್ ಅಕ್ಕ ಹೋಗಿಬಿಟ್ರು ರೀ, ನಿದ್ದ್ಯಾಗ," ಎಂದಳು. ಸಿಲ್ಕ್ ಬೋರ್ಡಿನ ವಾಹನಗಳ ನಡುವೆ ಸಿಕ್ಕಿ ನಾನು ಹೂಡಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂಗಳ ತೊಳೆದಿದ್ದರು. ಮೆಟ್ಟಿಲ ಮೇಲೆ ತಮ್ಮ ಒಬ್ಬರೇ ಕೂತಿದ್ದರು, ಒದ್ದೆ ಪಂಚೆಯಲ್ಲೇ. ನನ್ನನ್ನು ಕಂಡು ಜರುಗಿ ಜಾಗ ಕೊಟ್ಟರು.

"ನಿನ್ನತ್ರ ಏನೇನೋ ಮಾತಾಡೋಳು," ಎಂದರು. "ನನ್ ಬಗ್ಗೆ ಏನಾದ್ರೂ ಅಂದಿದ್ಲಾ ಅಮ್ಮ? ಬೈದಿದ್ರೂ ಪರ್ವಾಗಿಲ್ಲ, ಯೋಳು."

ನಾನು ನೆನಪು ಮಾಡಿಕೊಂಡೆ. ಅಷ್ಟು ಭಾನುವಾರಗಳಲ್ಲಿ ಅಕ್ಕ ತಮ್ಮನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಮಾತೂ ಆಡಿರಲಿಲ್ಲ.

"ಇಲ್ಲ ಅಣ್ಣಾ. ಏನೂ ಅಂದಿರಲಿಲ್ಲ."

ಅವರು ತಲೆಯಾಡಿಸಿದರು. ನೀರು ಬಿಡುವ ಹೊತ್ತಾಗಿತ್ತು, ಎದ್ದು ಹೋಗಿ ತಾವೇ ವಾಲ್ವ್ ತಿರುಗಿಸಿದರು.