ಮಹಾಕೂಟದ ಹಾದಿಯಲ್ಲಿ ಒಂದು ಊಟ

ಆಷಾಢ ಮುಗಿಯುತ್ತ ಬಂದಾಗ, ಒಂದು ಮಂಗಳವಾರ ಬೆಳಿಗ್ಗೆ ನಾವು ಇಳಕಲ್ಲಿನಿಂದ ಬಾಡಿಗೆ ಗಾಡಿಯಲ್ಲಿ ಹೊರಟೆವು. ನಾವೆಂದರೆ ನಾನು ಮತ್ತು ನನ್ನ ಅಕ್ಕ ಗೌರವ್ವ. ನಮ್ಮ ಮಗ್ಗದ ಆರು ಸೀರೆಗಳನ್ನು ಬಾದಾಮಿಯ ವ್ಯಾಪಾರಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಬಾದಾಮಿಯ ಆಚೆ ಕಾಡಿನಲ್ಲಿರುವ ಮಹಾಕೂಟದ ಹೊಂಡದಲ್ಲಿ ಸ್ನಾನ ಮಾಡುವುದು ಅಕ್ಕನ ಹರಕೆ. ಹಿಂದಿನ ವರ್ಷ ನಾನು ಜ್ವರದಿಂದ ಮಲಗಿ ಏಳದಿದ್ದಾಗ ಅವಳು ಹೊತ್ತದ್ದು. ಗಂಡ ತೀರಿದ ಮೇಲೆ ಅವಳು ನಮ್ಮ ಮನೆಗೇ ಬಂದಿದ್ದಳು. ನೂಲು ಸುತ್ತುವುದು, ಅಡಿಗೆ, ನನ್ನ ಆರೈಕೆ ಎಲ್ಲ ಅವಳದೇ. ನಾನು ಮೂರನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟವನು. ನಡೆದದ್ದನ್ನು ನಡೆದ ಹಾಗೆ ಬರೆಯುವಷ್ಟು ಅಕ್ಷರ ನನಗೆ ಬರುತ್ತದೆ.

ಹುನಗುಂದ ದಾಟುವಾಗಲೇ ಮಳೆ ಹಿಡಿಯಿತು. ಎರೆಮಣ್ಣು ಗಾಲಿಗೆ ಅಂಟಿ, ಮೈಲಿಗೊಮ್ಮೆ ಇಳಿದು ಕೋಲಿನಿಂದ ಕೆರೆಯಬೇಕಾಯಿತು. ಅಮೀನಗಡದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕಮತಗಿಯ ಹತ್ತಿರ ಮಲಪ್ರಭೆಯನ್ನು ಹರಿಗೋಲಿನಲ್ಲಿ ದಾಟಿದೆವು. ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬೇರೆ ಗಾಡಿ ಹಿಡಿದು ಸಂಜೆಗೆ ಬಾಗಲಕೋಟೆ ಸೇರಿದೆವು. ಗುರುವಾರ ರೈಲು ಹತ್ತಿದೆವು. ಮೂರನೆಯ ವರ್ಗಕ್ಕೆ ತಲೆಗೆ ಆರಾಣೆ. ಅಕ್ಕ ಮೊದಲ ಸಲ ರೈಲಿನಲ್ಲಿ ಕುಳಿತಿದ್ದಳು. ಬಾದಾಮಿ ಬರುವವರೆಗೂ ಕಿಟಕಿಯ ಸರಳನ್ನು ಬಿಡಲಿಲ್ಲ.

ಅಂದೇ ಸೀರೆ ಮುಟ್ಟಿಸಿದೆ. ಬುತ್ತಿಯ ರೊಟ್ಟಿಗೆ ನೀರು ಹೊಕ್ಕು ಬೂಸು ಬಂದಿತ್ತು; ಅದನ್ನು ದನಕ್ಕೆ ಹಾಕಿದೆವು. ಶುಕ್ರವಾರ ಬೆಳಿಗ್ಗೆ ಧರ್ಮಶಾಲೆಯಲ್ಲಿ ಅಕ್ಕ ಲಿಂಗಪೂಜೆ ಮುಗಿಸಿದಳು. ಒಂದು ಸೇರು ಜೋಳದ ನುಚ್ಚು, ಉಪ್ಪು, ಖಾರ, ಒಂದು ಗಡಿಗೆ ಕಟ್ಟಿಕೊಂಡು ನಡೆದೆವು. ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುಹಾದಿ ಮೂರು ಮೈಲಿ. ಹಾದಿ ತೋರಿಸಲು ಹುಸೇನಸಾಬ ಎಂಬ ಮುದುಕ ಬಂದ. ಆ ಕಾಡಿನಲ್ಲಿ ಕಟ್ಟಿಗೆ ಆಯ್ದು ಊರಲ್ಲಿ ಮಾರುವವನು ಅವನು. ಅಕ್ಕನನ್ನು ಮೊದಲಿನಿಂದಲೇ ‘ಅವ್ವಾ’ ಎಂದ. ನನ್ನನ್ನು ‘ಇಳಕಲ್ಲ ಸಾವಕಾರ’ ಎಂದು ಚೇಷ್ಟೆ ಮಾಡಿದ.

ಕೆಂಪು ಬಂಡೆಗಳ ನಡುವೆ ಹಾದಿ ಏರುತ್ತಿತ್ತು. ಬೇಸಿಗೆಯಲ್ಲಿ ಬರೀ ಮುಳ್ಳು ಕಾಣುವ ಕಾಡು ಆಗ ಹಸಿರು ಹೊದ್ದಿತ್ತು. ಕಂಬಳಿಯ ಕೊಪ್ಪೆಯಿಂದ ನೀರು ಸೋರುತ್ತಿತ್ತು. ಹುಸೇನಸಾಬ ನಡೆಯುತ್ತಲೇ ಬಗ್ಗಿ ತಗಚಿಯ ಎಳೆ ಚಿಗುರು, ಗೋಳಿಪಲ್ಲೆ ಕಿತ್ತು ಅಕ್ಕನ ಉಡಿಗೆ ಹಾಕುತ್ತಿದ್ದ. ಪೊದೆಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ಮಡಹಾಗಲಕಾಯಿ ತೋರಿಸಿದ. “ತಗಚಿ ತಿಂದ್ರ ಹೊಟ್ಟಿ ಭಾಳ ಸ್ವಚ್ಛ ಆಗತೈತಿ ಸಾವಕಾರ. ತಿಂದ ಮ್ಯಾಲೆ ನನ್ನ ಮುಂದ ಮಾತ್ರ ನಡೀಬ್ಯಾಡ್ರಿ” ಎಂದ. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ವರ್ಷಗಳಾಗಿದ್ದವು.

ಹಳ್ಳದ ದಂಡೆಯಲ್ಲಿ ಕವಳಿ ಕಂಟಿಗಳಿದ್ದವು. ಹಣ್ಣಿನ ಕಾಲ ಮುಗಿದಿದ್ದರೂ ಒಳಗೆ ನಾಲ್ಕಾರು ಕಪ್ಪು ಗೊಂಚಲು ಉಳಿದಿದ್ದವು. ನನಗೆ ಚಿಕ್ಕಂದಿನಿಂದ ಕವಳಿ ಇಷ್ಟ. ಅಕ್ಕ ಕಂಬಳಿ ತೆಗೆದಿಟ್ಟು ಮುಳ್ಳಿನೊಳಗೆ ಮೊಣಕಾಲೂರಿ ನುಗ್ಗಿ, ಮೈಯೆಲ್ಲ ಗೀರಿಕೊಂಡು, ಒಂದು ಬೊಗಸೆ ತಂದು ನನ್ನ ಕೈಗೆ ಹಾಕಿದಳು. ಹಿಂದಿನ ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ. ಹಣ್ಣು ತಿಂದ ಮೇಲೆ ಹಸಿವು ಇನ್ನೂ ಕೆರಳಿತು. ಹೊಂಡ ಮುಟ್ಟಿ, ಮಿಂದು ಉಣ್ಣೋಣ ಎಂದು ಅಕ್ಕ ಹೇಳಿದಳು. ನನ್ನ ಕಾಲು ನಡೆಯುವುದಿಲ್ಲ ಎಂದು ನಾನು ಹಟ ಹಿಡಿದೆ. ಜ್ವರ ಉಂಡ ಮೈ ಎಂದು ಅವಳೇ ಸೋತಳು.

ಸ್ವಲ್ಪ ಮೇಲೆ ಒಂದು ಬಂಡೆ ಚಪ್ಪರದ ಹಾಗೆ ಚಾಚಿಕೊಂಡಿತ್ತು. ಅದರ ಕೆಳಗೆ ಮೂರು ಕಲ್ಲು ಹೂಡಿದೆವು. ನಾನು ಹಸಿ ಕಟ್ಟಿಗೆ ತಂದು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೆ. ಹುಸೇನಸಾಬ ಬಂಡೆಯ ಸಂದಿಗೆ ಕೈ ಹಾಕಿ ಒಣ ಪುಳ್ಳೆ ಎಳೆದು ತಂದು, ಇಳಕಲ್ಲಿನವರಿಗೆ ನೇಯುವುದು ಬಿಟ್ಟರೆ ಬೇರೇನೂ ಬಾರದು ಎಂದು ಛೇಡಿಸಿ, ಒಲೆ ಹೊತ್ತಿಸಿದ. ಆಮೇಲೆ ತನ್ನ ಬುತ್ತಿ ತೆಗೆದುಕೊಂಡು ಆಚೆ ತುದಿಗೆ ಹೋಗಿ ಕುಳಿತ. ಅಕ್ಕ ಸೊಪ್ಪು, ಕಾಯಿ ಹೆಚ್ಚಿ ನುಚ್ಚಿನಲ್ಲಿ ಹಾಕಿ ಕುದಿಸಿದಳು. ಆ ವಾಸನೆಗೆ ನನ್ನ ಬಾಯಲ್ಲಿ ನೀರು ತುಂಬಿತು.

ಅವಳು ಬಗ್ಗಿ ಗಡಿಗೆ ಇಳಿಸುವಾಗ ನಾನು ನೋಡಿದೆ. ಅವಳ ಕೊರಳಿನ ಹಿಂದೆ ಶಿವದಾರದ ತುದಿ ಹರಿದು ಜೋತು ಬಿದ್ದಿತ್ತು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ. ಎಂಟು ವರ್ಷದವಳಿದ್ದಾಗ ಗುರುಗಳು ಅವಳಿಗೆ ಕೊಟ್ಟ ಲಿಂಗ ಅದು. ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕಾದದ್ದು. ಅದು ಮೈಮೇಲೆ ಇಲ್ಲದೆ ನಮ್ಮಲ್ಲಿ ತುತ್ತು ಎತ್ತುವುದಿಲ್ಲ. ಎಲ್ಲಿ ಬಿದ್ದಿದೆ ಎಂಬುದೂ ಆ ಕ್ಷಣಕ್ಕೇ ನನಗೆ ತಿಳಿಯಿತು. ಕವಳಿ ಕಂಟಿಯೊಳಗೆ.

ಹೇಳಿದರೆ ಅವಳು ಗಡಿಗೆ ಅಲ್ಲೇ ಬಿಟ್ಟು ಓಡುತ್ತಾಳೆ. ಅವಳು ಉಪವಾಸ ಇರುವಾಗ ನಾನು ಉಣ್ಣುವ ಹಾಗಿಲ್ಲ. ಉಂಡಾದ ಮೇಲೆ ನಾನೊಬ್ಬನೇ ಹೋಗಿ, ಹುಡುಕಿ ತಂದು ಕೊಟ್ಟರಾಯಿತು ಎಂದುಕೊಂಡೆ. ನಮ್ಮ ಊಟ ಎಷ್ಟು ಹೊತ್ತಿನದು?

ಅಕ್ಕ ಮುತ್ತುಗದ ಎಲೆಯಲ್ಲಿ ನನಗೆ ಬಡಿಸಿ, ತನಗೂ ಹಾಕಿಕೊಂಡಳು. ಮೊದಲ ತುತ್ತಿಗೆ ಮುಂಚೆ ಎದೆಯ ಮೇಲಿನ ಕರಡಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವಳ ಪದ್ಧತಿ. ಅವಳ ಕೈ ಮೇಲಕ್ಕೆ ಹೋಯಿತು. ನಾನು ಅವಳ ಎಲೆಯನ್ನು ಎತ್ತಿ ಅವಳ ಎರಡೂ ಕೈಯಲ್ಲಿ ಇಟ್ಟುಬಿಟ್ಟೆ. “ಮುಂಜಾನೆ ಪೂಜಿ ಆಗೇತಲ್ಲ. ಆರತೈತಿ, ಉಣ್ಣು” ಎಂದೆ. ಬಿಸಿ ಎಲೆ ಹಿಡಿದ ಅವಳು ತುಸು ತಡೆದು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ನೆನೆದು ಉಂಡಳು. ನಾನೂ ಉಂಡೆ. ಎರಡು ಸಲ ಹಾಕಿಸಿಕೊಂಡೆ. ರುಚಿಯಾಗಿತ್ತು, ಅದನ್ನೂ ಬರೆಯಬೇಕು.

ಉಣ್ಣುತ್ತಿರುವಾಗಲೇ ಮಳೆ ದನಿ ಬದಲಿಸಿತು. ಗುಡ್ಡದ ಮೇಲಿಂದ ನೀರು ಬಂಡೆಯ ಅಂಚಿಗೆ ಪರದೆಯಂತೆ ಸುರಿಯಿತು. ಗಡಿಗೆ ತೊಳೆಯಲು ಎದ್ದ ಅಕ್ಕನ ಕಡೆ ನೋಡಿ ಹುಸೇನಸಾಬ ಕೇಳಿದ: “ಅವ್ವಾ, ಕೊರಳಾಗಿನ ಬೆಳ್ಳಿ ಲಿಂಗದ ಕಾಯಿ ಎಲ್ಲೆ ಐತಿ?”

ಅಕ್ಕ ಎದೆ ಮುಟ್ಟಿಕೊಂಡಳು. ಉಡಿ ತಡವಿದಳು. ನಾನು ಮಾತಿಲ್ಲದೆ ಕವಳಿ ಕಂಟಿಯ ಕಡೆ ಓಡಿದೆ.

ಕಂಟಿ ಇರಲಿಲ್ಲ. ಹಳ್ಳ ಅಲ್ಲಿಯವರೆಗೆ ಏರಿ, ಮುಳ್ಳಿನ ತಲೆಗಳಷ್ಟೇ ನೀರಿನ ಮೇಲೆ ಅಲುಗಾಡುತ್ತಿದ್ದವು. ಹುಸೇನಸಾಬ ನನ್ನ ಹಿಂದೆ ಬಂದು ಎದೆಮಟ್ಟದ ನೀರಿಗೆ ಇಳಿದು ಕೋಲಿನಿಂದ ತಡಕಿದ. ಅವನ ವಯಸ್ಸಿಗೆ ನಾಚಿ ನಾನೂ ಇಳಿದೆ. ಮಧ್ಯಾಹ್ನ ಇಳಿಯುವವರೆಗೆ ಹುಡುಕಿದೆವು. “ಸಾಕು ಬರ್ರಿ” ಎಂದು ನಾನೇ ಮೊದಲು ಹೇಳಿದೆ. “ದೇವರ ಸಾಮಾನು. ಹಂಗ ಬಿಡಾಕ ಬರ್ತದೇನ್ರಿ?” ಎಂದು ಅವನು ಇನ್ನೊಮ್ಮೆ ಮುಳುಗಿದ.

ಅಕ್ಕ ದಂಡೆಯ ಮೇಲೆ ನಿಂತು ನೀರನ್ನಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಮೇಲೆ ಹತ್ತಿ ಬಂದಾಗ ಮೆಲ್ಲಗೆ ಹೇಳಿದಳು: “ಎಲ್ಲೆ ಬಿತ್ತಂತ ನೀ ನನ್ನ ಕೇಳಲೇ ಇಲ್ಲಲ್ಲೋ, ತಮ್ಮಾ.”

ಅವಳು ಬಂಡೆಯ ಮರೆಗೆ ಹೋಗಿ, ಗಂಟಲಿಗೆ ಬೆರಳು ಹಾಕಿ, ಉಂಡದ್ದನ್ನೆಲ್ಲ ಹೊರಗೆ ತೆಗೆದಳು. ಅಲ್ಲಿಂದ ಮುಂದೆ ಒಂದೂವರೆ ಮೈಲಿಯಲ್ಲಿದ್ದ ಮಹಾಕೂಟವನ್ನು ನಾವು ನೋಡಲಿಲ್ಲ. ತಿರುಗಿ ಬಂದೆವು.

ಬಾದಾಮಿಯಲ್ಲೇ ಯಾರಾದರೂ ಅಯ್ಯನವರಿಂದ ಬೇರೆ ಲಿಂಗ ಪಡೆಯಬಹುದಿತ್ತು. ತನ್ನ ಗುರುಗಳಿಗೇ ಹೇಳಬೇಕು ಎಂದಳು ಅಕ್ಕ. ರೈಲಿನಲ್ಲಿ, ಬಾಗಲಕೋಟೆಯಲ್ಲಿ, ಹರಿಗೋಲಿನಲ್ಲಿ ಅವಳು ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ. ಭಾನುವಾರ ಅಮೀನಗಡದಲ್ಲಿ ಗಾಡಿ ನಿಂತಾಗ ಅವಳಿಗೆ ಇಳಿಯಲು ತ್ರಾಣವಿರಲಿಲ್ಲ. ನಾನು ಗಾಡಿಯ ಹಿಂದೆ ನಿಂತು ಚುರಮುರಿ ತಿಂದೆ. ಸಪ್ಪಳವಾಗದಂತೆ ಅಗಿದೆ.

ಸೋಮವಾರ ಇಳಕಲ್ಲು ಮುಟ್ಟಿ ನೆಟ್ಟಗೆ ಮಠಕ್ಕೆ ಹೋದೆವು. ಮುಪ್ಪಿನ ಸ್ವಾಮಿಗಳು ಎಲ್ಲವನ್ನೂ ಕೇಳಿಕೊಂಡರು. ಹಳ್ಳದಲ್ಲಿ ಹೋಯಿತೆಂದು ಅಕ್ಕ ಹೇಳಿದಳು. ನನ್ನ ಹೆಸರು ತೆಗೆಯಲಿಲ್ಲ. “ಗೊತ್ತಾಗಿದ್ದು ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?” ಎಂದು ಅವರು ಕೇಳಿದರು. ಅಕ್ಕ ನನ್ನ ಕಡೆ ತಿರುಗಿ ಕಾಯುತ್ತ ಕುಳಿತಳು. ಅವಳು ಅಷ್ಟು ದೂರ ಹಸಿದು ಬಂದದ್ದು ಗುರುಗಳ ಮುಂದೆ ನನ್ನ ಬಾಯಿಂದ ಈ ಮಾತು ಕೇಳಲಿಕ್ಕೇ ಎಂದು ನನಗೆ ಆಗ ಹೊಳೆಯಿತು.

“ಉಂಡ ಮ್ಯಾಲೆ, ಅಪ್ಪಾರ” ಎಂದೆ.

ಅವಳ ಮಟ್ಟಿಗೆ ಅದು ಖರೆಯೇ ಆಗಿತ್ತು. ಸ್ವಾಮಿಗಳು ತಿಳಿಯದೆ ಆದ ತಪ್ಪೆಂದು ಸಮಾಧಾನ ಹೇಳಿ, ಅವಳಿಗೆ ಹೊಸ ಲಿಂಗ ಕೊಟ್ಟು, ಒಂಬತ್ತು ದಿನ ಒಪ್ಪತ್ತಿನ ಊಟವೆಂದು ವಿಧಿಸಿದರು. ನನಗೆ ಏನೂ ವಿಧಿಸಲಿಲ್ಲ. ಹೊರಗೆ ಬರುವಾಗ ಅಕ್ಕ ಗೋಡೆ ಹಿಡಿದು ನಡೆದಳು. ನಾನು ಚಾಚಿದ ಕೈ ಹಿಡಿಯಲಿಲ್ಲ.

ಆ ಸಂಜೆ ಅವಳೇ ರೊಟ್ಟಿ ಬಡಿದಳು. ಅವಳ ಆ ದಿನದ ಒಪ್ಪತ್ತಿನ ಊಟ ಮಧ್ಯಾಹ್ನವೇ ಮುಗಿದಿತ್ತು. ನನಗೆ ತಾಟು ಇಟ್ಟು, ಎದುರು ಕುಳಿತು, ನಾನು ಉಣ್ಣುವುದನ್ನು ನೋಡಿದಳು. ಎರಡು ರೊಟ್ಟಿ ಮುಗಿಸಿದೆ.

“ಇನ್ನೊಂದು ಹಾಕ್ಲೇನು?” ಎಂದು ಕೇಳಿದಳು.

ಹಾಕು ಎಂದೆ.