ಮಾವನವರ ಟವೆಲು ಮತ್ತು ಹಳದಿ ಬೋರ್ಡಿನ ಹೋಟೆಲು

ನಮ್ಮ ಮಾವನವರು ಎಸೆದ ಟವೆಲು ಗುರಿ ತಪ್ಪಿದ್ದನ್ನು ನಾನು ಕಂಡೇ ಇಲ್ಲ. ಸಿಂಗಾಪುರದಲ್ಲಿ, ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುವ ಹೋಟೆಲೊಂದರಲ್ಲಿ, ಜನ ತಟ್ಟೆ ಹಿಡಿದು ಜಾಗಕ್ಕಾಗಿ ಅತ್ತಿತ್ತ ನೋಡುತ್ತಿದ್ದರು. ಮಾವ ಹೆಗಲ ಮೇಲಿನ ಕೆಂಪಂಚಿನ ಟವೆಲನ್ನು ಸುರುಳಿ ಸುತ್ತಿ ಎಸೆದರು ನೋಡಿ, ಅದು ನಡುವಿನ ಮೇಜುಗಳನ್ನೆಲ್ಲ ದಾಟಿ ಸೀದಾ ಖಾಲಿ ಕುರ್ಚಿಯ ಮೇಲೆ ಹೋಗಿ ಕೂತಿತು. ಆ ಕುರ್ಚಿಗೆ ಹೊರಟಿದ್ದ ಸೂಟಿನ ಮನುಷ್ಯ ಬೆಚ್ಚಿ ನಿಂತ. ಮಾವ ಅವನಿಗೆ ಕೈಮುಗಿದು ಅಚ್ಚ ಹಡಗಲಿ ಕನ್ನಡದಲ್ಲಿ, "ಸೀಟ್ ಐತ್ರಿ, ಮಂದಿ ಬರೂದೈತಿ" ಅಂದರು. ಆ ಮಂದಿ ಅಂದರೆ ನಾನು ಮತ್ತು ನನ್ನ ಗಂಡ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನನಗೆ.

ಆ ಮನುಷ್ಯ ನಕ್ಕು ಮುಂದೆ ಹೋದ. ಯಾಕೆಂದು ಆಮೇಲೆ ಗೊತ್ತಾಯಿತು. ಆ ಊರಿನವರು ಮೇಜಿನ ಮೇಲೆ ಕೈಬಾಯಿ ಒರೆಸುವ ಕಾಗದದ ಪೊಟ್ಟಣ ಇಟ್ಟು ಸೀಟು ಹಿಡಿಯುತ್ತಾರೆ. ಅದನ್ನು ಕಂಡ ಮಾವನ ಮುಖ ಅರಳಿದ್ದೇ ಅರಳಿದ್ದು. "ನೋಡವಾ ಸುಜಾತಾ, ಇಲ್ಲೂ ನಮ್ಮ ಪದ್ಧತೀನ ಐತಿ. ಇವ್ರು ಕಾಗದ ಇಡ್ತಾರ, ನಾವು ಟವಲ್ ಒಗೀತೀವಿ. ಅಷ್ಟ ಫರಕು."

ಮಾವನವರ ಹೆಸರು ಹನುಮಂತಪ್ಪ. ಊರವರ ಬಾಯಲ್ಲಿ ಕಂಡಕ್ಟರ್ ಹನುಮಂತಪ್ಪ. ಹಡಗಲಿ, ಹರಪನಹಳ್ಳಿ, ದಾವಣಗೆರೆ ಎಂದು ಬಸ್ಸಿನಲ್ಲಿ ತಿರುಗಿಯೇ ಆಯುಷ್ಯದ ಬಹುಪಾಲು ಕಳೆದವರು. ತಮಾಷೆಯೆಂದರೆ ನೌಕರಿಯಲ್ಲಿದ್ದಾಗ ಅವರು ಟವೆಲಿನ ಪರಮ ವೈರಿ. ಬಸ್ಸು ಸ್ಟ್ಯಾಂಡಿಗೆ ಬರುತ್ತಲೇ ಕಿಟಕಿಯಿಂದ ಟವೆಲು, ಚೀಲ, ಒಮ್ಮೊಮ್ಮೆ ಕೈಕೂಸನ್ನೂ ಒಳಗೆ ತೂರಿಸಿ ಸೀಟು ಹಿಡಿಯುವುದು ನಮ್ಮ ಕಡೆಯ ರೂಢಿ. ಮಾವ ಆ ಟವೆಲುಗಳನ್ನೆಲ್ಲ ಬಾಚಿ ತೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಈ ಟವಲ್ಲಿಗೆ ಎಲ್ಲಿಗ್ರಿ ಟಿಕೇಟು? ಹರಪನಹಳ್ಳಿಗೋ, ದಾವಣಗೆರಿಗೋ?" ಎಂದು ಕೂಗುತ್ತಿದ್ದರಂತೆ. ನಿವೃತ್ತರಾದ ಮಾರನೆಯ ದಿನವೇ ತಾವೂ ಎಸೆಯಲು ಶುರು ಮಾಡಿದರು. ಕೇಳಿದರೆ, "ಈಗ ನಾನೂ ಪ್ಯಾಸೆಂಜರ್ ಅಲ್ಲೇನು?" ಅನ್ನುವರು.

ಇಷ್ಟೆಲ್ಲ ಧೈರ್ಯದ ಮನುಷ್ಯನಿಗೆ ಒಂದೇ ಒಂದು ಅಳುಕು. ಗೊತ್ತಿಲ್ಲದ ಹೋಟೆಲಿನ ಹೊಸ್ತಿಲು ತುಳಿಯುತ್ತಿರಲಿಲ್ಲ. ಮದುವೆಗೆಂದು ಬಳ್ಳಾರಿಗೆ ಹೋದರೆ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ದಿನ ದೂಡಿಬಿಡುವರು. "ಬ್ಯಾಡವಾ. ಒಳಗ ಹೋಗಿ ಕುಂತ ಮ್ಯಾಲೆ ಯಾರೂ ಎಬ್ಬಸಬಾರ್ದು ನೋಡು" ಎಂದು ನಗುತ್ತಲೇ ಹೇಳುವರು. ನಮ್ಮದು ಬೌದ್ಧರ ಮನೆ. ಕೂಲಿ ಮಾಡುವ ಕೇರಿಯಿಂದ ಒಬ್ಬೊಬ್ಬರಾಗಿ ಓದಿ ನೌಕರಿಗೆ ಬಂದವರು. ಮಾವ ಹುಡುಗರಾಗಿದ್ದಾಗ ನಮ್ಮ ಕೇರಿಯವರಿಗೆ ಹೋಟೆಲಿನ ಬೆಂಚು ಇರಲಿಲ್ಲ, ಹೊರಗಿನ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತು. ಹಾಗಾಗಿ ಆ ಅಳುಕಿನ ಬೇರು ಎಲ್ಲಿದೆಯೆಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರ ಪಾಲಿಗೆ ಹಳದಿ ಬೋರ್ಡಿನ ಹೋಟೆಲು ಸಿಕ್ಕಿದ್ದು ಹುಬ್ಬಳ್ಳಿಯ ಮಾಲ್‌ನಲ್ಲಿ. ಬನ್ನಿನ ನಡುವೆ ಏನೇನೋ ಇಟ್ಟು ಕೊಡುವ, ಲೋಕದ ತುಂಬ ಶಾಖೆಗಳಿರುವ ಅಂಗಡಿ. ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಊರು ಯಾವುದು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಕಾಗದದ ಲೋಟ. ಮಾವ ಅದಕ್ಕೆ ಅಲ್ಲೇ ಪಾಸುಮಾರ್ಕು ಕೊಟ್ಟುಬಿಟ್ಟರು. ಬನ್ನು ಮಾತ್ರ ಅವರಿಗೆ ಸೇರುತ್ತಿರಲಿಲ್ಲ. "ಮಂಡಕ್ಕಿ ಮಿರ್ಚಿ ಮುಂದ ಇದೇನು, ಒಣ ಹುಲ್ಲು" ಎಂದು ಬೈಯುತ್ತಲೇ ಪೂರ್ತಿ ತಿನ್ನುವರು.

ಇಂಥವರನ್ನು ಕಟ್ಟಿಕೊಂಡು ನಾನು ಹಡಗಿನ ಪ್ರವಾಸಕ್ಕೆ ಹೊರಟೆ. ನಾನು ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳುವವಳು. ವರ್ಷಗಟ್ಟಲೆ ನಕ್ಷೆಯ ಮೇಲೆ ಕೋಲಿಟ್ಟು ಮಲಾಕಾ ಜಲಸಂಧಿ ತೋರಿಸಿದ್ದೆ, ಕಣ್ಣಿನಿಂದ ನೋಡಿರಲಿಲ್ಲ. ಸಿಂಗಾಪುರ, ಪೆನಾಂಗ್, ಫುಕೆಟ್. ಬಂದರು ಬಂದಲ್ಲೆಲ್ಲ ಆ ನೆಲದವರು ತಿನ್ನುವುದನ್ನು ತಿಂದು, ಅವರ ಸಂತೆ ಸುತ್ತಬೇಕೆಂದು ಎಷ್ಟೊಂದು ಕನಸು ಕಟ್ಟಿದ್ದೆ! ಮಾವನಿಗೋ ಹಡಗೆಂದರೆ ದೊಡ್ಡ ಬಸ್ಸು. ಕ್ಯಾಪ್ಟನ್‌ನನ್ನು 'ಡ್ರೈವರ್ ಸಾಹೇಬ್ರು' ಅನ್ನುವರು. ಹಡಗಿನೊಳಗೆ ಊಟಕ್ಕೆ ತಕರಾರಿರಲಿಲ್ಲ, ಯಾಕೆಂದರೆ ಮೇಜಿನ ನಂಬರು ಬರೆದ ಚೀಟಿ ಕೊಟ್ಟಿದ್ದರು. "ರಿಸರ್ವೇಶನ್ ಐತಿ, ಯಾರಪ್ಪನೂ ಎಬ್ಬಸಂಗಿಲ್ಲ" ಎಂದು ಅದನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡಿದ್ದರು. ಆದರೆ ದಡಕ್ಕೆ ಇಳಿದರೆ ಸಾಕು, ಕಣ್ಣು ಹಳದಿ ಬೋರ್ಡನ್ನೇ ಹುಡುಕುತ್ತಿತ್ತು.

ಸಿಂಗಾಪುರದಲ್ಲಿ ಟವೆಲು ಎಸೆದದ್ದೂ ಅದೇ ಹಳದಿ ಬೋರ್ಡಿನಡಿ, ಅಲ್ಲಿ ಸುಮ್ಮನಿದ್ದೆ. ಪೆನಾಂಗಿನಲ್ಲಿ ನನ್ನಿಂದ ಆಗಲಿಲ್ಲ. ಬೀದಿಯ ಎರಡೂ ಬದಿ ತಳ್ಳುಗಾಡಿಗಳು, ಬಾಣಲೆಯಿಂದ ಏಳುವ ಹೊಗೆ, ಹುಣಸೆಯ ವಾಸನೆ, ಸುಟ್ಟ ಮೀನಿನ ವಾಸನೆ. ನನ್ನ ಬಾಯಲ್ಲಿ ನೀರು. ಮಾವ ಅದನ್ನೆಲ್ಲ ದಾಟಿಕೊಂಡು ಕಂಡಕ್ಟರ್ ನಡಿಗೆಯಲ್ಲಿ ಸೀದಾ ಹೋಗಿ ಹಳದಿ ಬೋರ್ಡಿನಡಿ ನಿಂತು, "ಬರ್ರಿ ಬರ್ರಿ, ಇಲ್ಲೆ ಐತಿ ಸ್ಟಾಪು" ಎಂದು ಕೈಬೀಸಿದರು. ನನ್ನ ಮೈ ಉರಿದುಹೋಯಿತು. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ಒಳಗೆ ಹೋಗಿ ಕೂತದ್ದೇ ಶುರು ಮಾಡಿದೆ.

"ಮಾವಾ, ಇದನ್ನ ತಿನ್ನಾಕ ಸಮುದ್ರ ದಾಟಬೇಕಿತ್ತೇನ್ರಿ? ಹುಬ್ಬಳ್ಳಿ ಬಸ್ ಹತ್ತಿದ್ರ ಸಾಕಾಗಿತ್ತಲ್ಲ!"

"ಸಿಟ್ಟು ಮಾಡ್ಕೋಬ್ಯಾಡವಾ. ನೀವಿಬ್ರೂ ಹೋಗಿ ಹೊರಗ ತಿಂದು ಬರ್ರಿ. ನಾ ಇಲ್ಲೆ ಕುಂತಿರ್ತೀನಿ."

"ಇಲ್ಲೆ ಕುಂತು ಏನ್ ನೋಡ್ತೀರಿ? ಆ ಕಸದ ಡಬ್ಬೀನಾ?"

ಸಿಂಗಾಪುರದಲ್ಲೂ ಅವರು ಕುರ್ಚಿಯನ್ನು ಕಸದ ಡಬ್ಬಿಯ ಕಡೆಗೇ ತಿರುಗಿಸಿಕೊಂಡು ಕೂತಿದ್ದರು. ಹೊರಗೆ ಅಷ್ಟು ಚೆಂದದ ಸಮುದ್ರವಿತ್ತು, ಅದಕ್ಕೆ ಬೆನ್ನು ಹಾಕಿ!

"ಹೂನವಾ, ಅದನ್ನ ನೋಡಾಕತ್ತೀನಿ" ಅಂದರು ಮಾವ, ಒಂಚೂರೂ ನಾಚದೆ. "ನೀನೂ ನೋಡು. ಅಗಾ, ಆ ಟೈ ಕಟ್ಟಿದಾವ ಎದ್ದ. ನೋಡು, ನೋಡು, ತನ್ನ ಎಂಜಲ ತಟ್ಟಿ ತಾನ ಎತ್ತಿಕೊಂಡ. ಹೊಂಟ. ಹಾಕಿದ ಡಬ್ಬ್ಯಾಗ. ಭಲೇ! ಈಗ ಆಕಿ ನೋಡು, ಬಂಗಾರದ ಬಳಿ ತೊಟ್ಟಾಕಿ. ಆಕೀನೂ ಎತ್ತಿದ್ಲು."

ಅವರ ಕಣ್ಣು ಮಿನುಗುತ್ತಿತ್ತು. ಆಮೇಲೆ ದನಿ ತಗ್ಗಿಸಿದರು.

"ನಾ ಸಣ್ಣಾವಿದ್ದಾಗ ನಮ್ಮೂರ ಹೋಟೆಲ್ದಾಗ ಹೊರಗ ನಿಂತು ಚಾ ಕುಡುದು, ನಮ್ಮ ಲೋಟ ನಾವ ತೊಳದು, ಗೂಡಿನಾಗ ಬೋರಲ ಇಟ್ಟು ಬರಬೇಕಿತ್ತು. ಒಳಗ ಕುಂತಾರು ಕುಡುದು ಹಂಗ ಬಿಟ್ಟು ಏಳೋರು. ನಮ್ಮಪ್ಪ ತೊಳಿಯೋದನ್ನ ನೋಡ್ಕೊಂತ ನಿಂತಿರ್ತಿದ್ದೆ ನಾನು. ಎಲ್ಲಾರೂ ತಂತಮ್ಮದು ತಾವ ಎತ್ತಿಡೋ ಊರು ಎಲ್ಲ್ಯರ ಇದ್ದೀತೇನು ಅಂತ ಅನಸ್ತಿತ್ತು. ಹುಬ್ಬಳ್ಳ್ಯಾಗ ಅರ್ಧ ಮಂದಿ ಎತ್ತಿಡ್ತಿದ್ರು, ಅರ್ಧ ಮಂದಿ ಬಿಟ್ಟು ಹೋಗ್ತಿದ್ರು. ಇಲ್ಲಿ ನೋಡವಾ, ಸಾಹುಕಾರ ಸೈತ ಎತ್ತಾಕತ್ತ್ಯಾನ. ನಾ ಸಮುದ್ರ ಏನ್ ನೋಡ್ಲಿ?"

ನಾನೂ ಕುರ್ಚಿಯನ್ನು ಡಬ್ಬಿಯ ಕಡೆ ತಿರುಗಿಸಿಕೊಂಡೆ. ನನ್ನ ಗಂಡ ಎದ್ದು ನೀರು ತರುವ ನೆಪದಲ್ಲಿ ಆ ಕಡೆ ಹೋದರು. ಅವರೂ ಅಪ್ಪನ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲಂತೆ.

ನಾವು ಮೆತ್ತಗಾದದ್ದನ್ನು ಕಂಡು ಮಾವನೇ ಮಾತು ಹಗುರ ಮಾಡಿದರು. ನೌಕರಿಯ ಕಾಲದ ಕಥೆ ತೆಗೆದರು. ದಾರಿಯಲ್ಲಿ ಬಸ್ಸು ಚಹಾಕ್ಕೆ ನಿಲ್ಲುವ ಹೋಟೆಲೊಂದಿತ್ತು. ಅಂಥ ಹೋಟೆಲುಗಳಲ್ಲಿ ಡ್ರೈವರ್ ಕಂಡಕ್ಟರಿಗೆ ವಿಶೇಷ ಉಪಚಾರ, ಒಳಗಿನ ಮೇಜು, ಬಿಸಿ ತಿಂಡಿ. ಮಾಲೀಕನಿಗೆ ಅದು ಹೇಗೋ ಹೊಸ ಕಂಡಕ್ಟರು ಯಾವ ಕೇರಿಯವರೆಂದು ತಿಳಿಯಿತು. ಮಾರನೆಯ ದಿನ ಡ್ರೈವರಿಗೆ ಒಳಗೆ ಮೇಜು, ಮಾವನಿಗೆ ಹೊರಗಿನ ಕಟ್ಟೆಯ ಮೇಲೆ ಬೇರೆ ಲೋಟ. ಮಾವ ಜಗಳ ಆಡಲಿಲ್ಲ. ಅದರ ಮರುದಿನ ಹೋಟೆಲು ಹತ್ತಿರ ಬರುತ್ತಲೇ "ರೈಟ್ ರೈಟ್" ಅಂದರು. ಬಸ್ಸು ನಿಲ್ಲದೆ ಮುಂದೆ ಹೋಗಿ, ಅಜ್ಜಿಯೊಬ್ಬಳ ಮಿರ್ಚಿ ಅಂಗಡಿಯ ಮುಂದೆ ನಿಂತಿತು. ಬಸ್ಸಿನ ಮಂದಿಯೆಲ್ಲ ಆಕೆಯ ಅಂಗಡಿಗೆ. "ಇಳೀರಿ, ಚಾ ಕುಡೀರಿ, ಇಲ್ಲಿ ಯಾರೂ ಎಬ್ಬಸಂಗಿಲ್ಲ!" ಎಂದು ಅವರು ಕೂಗುವುದು ಆ ದಾರಿಯಲ್ಲಿ ಹೆಸರುವಾಸಿಯಾಯಿತು. ಮಂದಿ ಅದನ್ನು ಕಂಡಕ್ಟರನ ತಮಾಷೆಯೆಂದೇ ತಿಳಿದು ನಗುತ್ತಿದ್ದರು.

"ಆ ಹೋಟೆಲಿನಾವ ಏನ್ ಮಾಡಿದ್ನ್ರಿ?" ಅಂದೆ.

"ಏನ್ ಮಾಡ್ತಾನ? ಕರಿದಿಟ್ಟ ಬಜ್ಜಿ ತಾನ ತಿಂದ" ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ಫುಕೆಟ್ ತಲುಪಿದಾಗ ಮಳೆ ಹಿಡಿದಿತ್ತು. ಹಡಗಿನಿಂದ ದಡಕ್ಕೆ ತಂದುಬಿಟ್ಟ ದೋಣಿಯಿಂದ ಇಳಿದು ಹಳದಿ ಬೋರ್ಡು ಹುಡುಕುತ್ತಾ ಹೊರಟೆವು. ಈ ಸಲ ಹುಡುಕುತ್ತಿದ್ದವಳು ನಾನೇ. ಎಲ್ಲೂ ಕಾಣಲಿಲ್ಲ. ಮಾವ ನೆನೆದು ನಡುಗುತ್ತಿದ್ದರು. ಬೀದಿಯ ತಿರುವಿನಲ್ಲಿ ತಗಡಿನ ಮಾಡಿನ ಒಂದು ಚಹಾ ಅಂಗಡಿ ಇತ್ತು. ಬೋರ್ಡಿದ್ದರೂ ನಮಗೆ ಓದಲು ಬರದ ಅಕ್ಷರ. ಮಾವ ಹೊರಗೇ ನಿಂತರು. ಇನ್ನೇನು ಮುಂದೆ ಹೋಗೋಣ ಅನ್ನುತ್ತಾರೆ ಎಂದುಕೊಂಡೆ. ಅವರು ಮೇಲೆ ನೋಡುತ್ತಿದ್ದರು. ಗಲ್ಲಾದ ಮೇಲಿನ ಹಲಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿರುವಷ್ಟೇ ಗಾತ್ರದ ಬುದ್ಧ, ಮುಂದೆ ಊದುಬತ್ತಿ, ಒಂದು ಲೋಟ ನೀರು.

"ಇಲ್ಲಿ ಇಳಿಯೋಣು" ಅಂದರು ಮಾವ. ಟವೆಲು ಎಸೆಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮೆಲ್ಲಗೆ ಒಳಗೆ ಹೋಗಿ, ಬಾಗಿಲ ಹತ್ತಿರದ ಸ್ಟೂಲಿನ ತುದಿಯಲ್ಲಿ ಕೂತರು.

ಅಂಗಡಿಯ ಮುದುಕಿ ಅವರಿಗಿಂತ ವಯಸ್ಸಾದವಳು. ಬಂದು ಏನೋ ಗೊಣಗಿದಳು, ಮಾವನ ತೋಳು ಹಿಡಿದು ಎಬ್ಬಿಸಿದಳು. ಅಯ್ಯೋ, ಇಡೀ ಜನ್ಮ ಯಾವುದಕ್ಕೆ ಹೆದರಿದರೋ ಅದನ್ನೇ ಮಾಡಿಬಿಟ್ಟಳಲ್ಲ! ಆದರೆ ಆಕೆ ಅವರನ್ನು ಎರಚಲು ಬೀಳದ ಜಾಗಕ್ಕೆ, ಬುದ್ಧನ ಕೆಳಗಿದ್ದ ತನ್ನ ಒರಗು ಕುರ್ಚಿಗೆ ಕರೆದೊಯ್ದು ಕೂರಿಸಿದಳು. ಬಿಸಿ ಚಹಾ ತಂದಿಟ್ಟಳು.

ಚಹಾ ಮುಗಿಯಿತು. ಮಾವ ಏನು ಯೋಚನೆಯಲ್ಲಿದ್ದರೋ ಏನೋ, ಎದ್ದು ಲೋಟ ಹಿಡಿದುಕೊಂಡು ಬಾಗಿಲ ಪಕ್ಕದ ನಲ್ಲಿಗೆ ಹೋದರು. ತೊಳೆಯಲು ಶುರು ಮಾಡಿದರು. ನನ್ನ ಗಂಡ "ಅಪ್ಪಾ" ಅಂದ ಮೇಲೆಯೇ ಅವರಿಗೆ ಎಚ್ಚರವಾದದ್ದು. ಕೈಯಲ್ಲಿ ಲೋಟ, ನೀರು ಸುರಿಯುತ್ತಲೇ ಇದೆ, ಮನುಷ್ಯ ಕಂಬವಾಗಿ ನಿಂತುಬಿಟ್ಟಿದ್ದಾರೆ. ಮುದುಕಿ ದಡಬಡ ಬಂದು ಅವರ ಕೈಗೊಂದು ಏಟು ಹಾಕಿ ಲೋಟ ಕಿತ್ತುಕೊಂಡಳು. ತನ್ನ ಭಾಷೆಯಲ್ಲಿ ಚೆನ್ನಾಗಿ ಬೈದಳು. ಮನೆಗೆ ಬಂದವರು ಪಾತ್ರೆಗೆ ಕೈಹಾಕಿದರೆ ನಮ್ಮ ಹೆಂಗಸರು ಹೀಗೇ ಬೈಯುವುದಲ್ಲವೇ, ಭಾಷೆ ಬರದಿದ್ದರೂ ಪೂರ್ತಿ ತಿಳಿಯಿತು. ಆಮೇಲೆ ಅದೇ ಲೋಟಕ್ಕೆ ತನಗೆ ಚಹಾ ಬಗ್ಗಿಸಿಕೊಂಡು, ಅವರೆದುರು ಸ್ಟೂಲಿನಲ್ಲಿ ಕೂತು ಸೊರ್ ಎಂದು ಕುಡಿದಳು.

ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಮಳೆನೀರು ಅಂದರು.

ಊರಿಗೆ ಬಂದ ಮೇಲೆ ಹಡಗಲಿ ಬಸ್‌ಸ್ಟ್ಯಾಂಡಿನ ಗೆಳೆಯರು ಸುತ್ತುಗಟ್ಟಿ, "ಸಮುದ್ರ ಹೆಂಗಿತ್ತಲೇ ಹನುಮಂತಾ?" ಎಂದು ಕೇಳಿದರೆ, "ನೀರಿತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸಿ, ತಟ್ಟೆ ಎತ್ತಿಡುವ ಸಾಹುಕಾರರ ಕಥೆಯನ್ನು ತಾಸುಗಟ್ಟಲೆ ಹೇಳುವರು. ಒಂದು ದಿನ ಕೊಟ್ಟೂರಿಗೆ ಹೋಗಿದ್ದೆವು. ಹೊಸದೊಂದು ಖಾನಾವಳಿ ಕಂಡಿತು. ನಾನು ಬಾಳೆಹಣ್ಣಿನ ಚೀಲ ತೆಗೆಯುತ್ತಿದ್ದೆ. "ಇರ್ಲಿ ಬಿಡವಾ, ಒಳಗ ಹೋಗಾಣ" ಅಂದರು.

"ಗೊತ್ತಿಲ್ಲದ ಹೋಟೆಲ್ರಿ ಮಾವಾ."

"ಎಬ್ಬಿಸಿದ್ರ ನಾಚಿಕಿ ಅವ್ರಿಗೆ ಬರಬೇಕು. ನನಗ್ಯಾಕ?"

ಯಾರೂ ಎಬ್ಬಿಸಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಕಳೆದ ಬೇಸಿಗೆಯಲ್ಲಿ ಮಾವ, ಹೆಚ್ಚು ನರಳದೆ, ಹೊರಟುಹೋದರು. ಬಸ್ಸು ಬಂತೆಂದು ಎದ್ದು ಹೋದವರ ಹಾಗೆ.

ಈಗ ಕೂಡ್ಲಿಗಿಯ ಹತ್ತಿರ ಹೆದ್ದಾರಿಯಲ್ಲಿ ಹಳದಿ ಬೋರ್ಡಿನ ಹೋಟೆಲು ಆಗಿದೆ. ಮೊನ್ನೆ ಮೊದಲ ಸಲ ಹೋದೆವು. ಭಾನುವಾರ, ಕಾಲಿಡಲು ಜಾಗವಿರಲಿಲ್ಲ. ಮಾವನ ಕೆಂಪಂಚಿನ ಟವೆಲು ನನ್ನ ಚೀಲದಲ್ಲೇ ಇರುತ್ತದೆ. ಏನೆನ್ನಿಸಿತೋ, ಸುರುಳಿ ಸುತ್ತಿ ಎಸೆದೇಬಿಟ್ಟೆ. ಅದು ಯಾರದೋ ಕಾಲಬುಡದಲ್ಲಿ ಬಿತ್ತು. ನನ್ನ ಗಂಡ ತಲೆ ಚಚ್ಚಿಕೊಂಡರು. ನಾನು ಅದನ್ನು ಎತ್ತಿಕೊಂಡು ಹೋಗಿ, ಕಸದ ಡಬ್ಬಿಗೆ ಎದುರಾಗಿದ್ದ ಕುರ್ಚಿಯ ಮೇಲೆ ಹಾಸಿ, ಪಕ್ಕದಲ್ಲಿ ಕೂತೆ.

ಇಸ್ತ್ರಿ ಮುರಿಯದ ಬಿಳಿ ಬಟ್ಟೆಯ ದೊಡ್ಡ ಮನುಷ್ಯರೊಬ್ಬರು ತಟ್ಟೆ ಹಿಡಿದು ಬಂದರು. "ಅವ್ವಾರ, ಈ ಕುರ್ಚಿ ಖಾಲಿ ಐತೇನ್ರಿ?"

"ಸೀಟ್ ಐತ್ರಿ" ಅಂದೆ. "ಮಂದಿ ಬರೂದೈತಿ."

ಅವರು ಬೇರೆ ಕಡೆ ಜಾಗ ಹುಡುಕಿಕೊಂಡು ತಿಂದರು. ತಿಂದು ಎದ್ದರು. ಎರಡು ಹೆಜ್ಜೆ ಹೋಗಿ ಅತ್ತಿತ್ತ ನೋಡಿದರು. ಮತ್ತೆ ಹಿಂದೆ ಬಂದು, ತಮ್ಮ ಎಂಜಲ ತಟ್ಟೆ ತಾವೇ ಎತ್ತಿಕೊಂಡು ಡಬ್ಬಿಯ ಕಡೆ ನಡೆದರು. ನಾನು ಟವೆಲು ಹಾಸಿದ ಕುರ್ಚಿಯ ಕಡೆ ಬಾಗಿ, "ಮಾವಾ, ಅಗಾ, ನೋಡ್ರಿ" ಅಂದೆ.