ಜಗುಲಿಯಲ್ಲಿ ಕೂರಿಸಿದ ಕಂಸಾಳೆ

ಕಳೆದ ಭಾನುವಾರ ನನ್ನನ್ನು ನೋಡಿದ ಕೂಡಲೇ ಒಬ್ಬರು ಗೇಟು ಹಾಕಿಕೊಂಡರು. ಅವರು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಷಡ್ಡಕರು!

ತಪ್ಪು ಅವರದ್ದಲ್ಲ. ನನ್ನ ಕೈಯಲ್ಲಿ ರಸೀದಿ ಪುಸ್ತಕ ಇತ್ತು.

ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಜಾನಪದ ಹಬ್ಬ ಮಾಡಬೇಕು ಅಂತ ನಾನೂ ಪಕ್ಕದ ಮನೆ ಸುಶೀಲಮ್ಮನವರೂ ಹೊರಟಿದ್ದೆವು. ಕಲರ್ ಪಾಂಪ್ಲೆಟ್ ಹಾಕಿಸಿದ್ದೆವು. ಅದರಲ್ಲಿ ‘ಪ್ಲಾಟಿನಂ ಪ್ರಾಯೋಜಕರು’ ಅಂತ ಒಂದು ಜಾಗ ಖಾಲಿ ಬಿಟ್ಟಿದ್ದೆವು (ಅದು ಈಗಲೂ ಖಾಲಿಯೇ ಇದೆ). ಶಾಮಿಯಾನದವರು ಮಾತ್ರ ಖಡಾಖಂಡಿತ: ಸಂಜೆಯೊಳಗೆ ಅಡ್ವಾನ್ಸ್ ಬರದಿದ್ದರೆ ಶಾಮಿಯಾನ ಮದುವೆ ಮನೆಗೆ, ನಮ್ಮ ಹಬ್ಬ ಕ್ಯಾನ್ಸಲ್.

ಬೆಳಗ್ಗೆಯಿಂದ ಏನೇನು ಕೇಳಿದೆವು ಗೊತ್ತಾ? “ಗಣಪತಿಗೆ ಕೊಟ್ಟಾಯ್ತಲ್ಲ.” “ಮೇಲ್ಗಡೆ ಮನೆಯೋರನ್ನ ಕೇಳಿ.” “ಯಜಮಾನ್ರು ಮನೇಲಿಲ್ಲ ಕಣ್ರೀ.” (ಒಳಗೆ ಯಜಮಾನರು ಕೆಮ್ಮುತ್ತಿದ್ದರು.)

ಮಧ್ಯಾಹ್ನ ಜೋಲುಮುಖ ಹಾಕಿಕೊಂಡು ಮನೆಗೆ ಬಂದೆವು. ಜಗುಲಿಯಲ್ಲಿ ಮಾದೇವಪ್ಪ ಕೂತಿದ್ದರು. ನಂಜನಗೂಡಿನ ಕಡೆಯ ಹಿರಿಯ ಕಂಸಾಳೆ ಕಲಾವಿದರು. ಹಬ್ಬದ ಜಾಗ ನೋಡಲು ಬಂದಿದ್ದರು. ಅವರನ್ನು ಬೀದಿ ಬೀದಿ ಸುತ್ತಿಸಿದರೆ ಕಲಾವಿದರಿಗೆ ಅವಮಾನ ಅಂತ, ಕಾಫಿ ಕೊಟ್ಟು, ಫ್ಯಾನ್ ಹಾಕಿ, ಅಲ್ಲಿ ಕೂರಿಸಿ ಹೋಗಿದ್ದೆವು. ಎಷ್ಟು ದೊಡ್ಡ ಮನಸ್ಸು ನಮ್ಮದು!

“ಯಾಕ್ ಸ್ವಾಮಿ, ಮೊಖ ಸಪ್ಪಗದೆ?” ಅಂದರು. ಹೇಳಿದೆವು.

ಅವರಿಗೆ ನಗು ತಡೆಯಲಾಗಲಿಲ್ಲ. “ನನ್ನ ಇಲ್ಲಿ ಕೂರ್ಸ್‌ಬುಟ್ಟು ನೀವ್ಯಾಕ್ ಬೇಡಕ್ ಹೋದ್ರಿ? ಬೇಡೋದು ನನ್ ಕೆಲ್ಸ ಅಲ್ವಾ? ದೀಕ್ಷೆ ಕೊಟ್ಟಾಗ ಗುರುಗೋಳು ಕಂಸಾಳೆ ಜೊತೆಗೇ ಜೋಳ್ಗೇನೂ ಕೊಟ್ಟವ್ರೆ. ಮನೆಮನೆಗೂ ಹೋಗಿ ಕೋರಣ್ಯ ಎತ್ತದೆ ಇದ್ರೆ ನಾನೆಂಥ ಮಾದಪ್ಪನ ಗುಡ್ಡ?”

ಕೋರಣ್ಯ ಅಂದರೆ ಭಿಕ್ಷೆ; ಗುಡ್ಡ ಅಂದರೆ ಮಾದಪ್ಪನ ದೀಕ್ಷೆ ಪಡೆದ ಭಕ್ತ. ನಮಗೆ ಅವಮಾನವಾಗಿ ಕಂಡದ್ದು ಅವರಿಗೆ ವ್ರತ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಎದ್ದರು. ಹೆಗಲಿಗೆ ಜೋಳಿಗೆ ಹಾಕಿಕೊಂಡರು. ಮೊದಲ ಗೇಟಿನ ಮುಂದೆ ನಿಂತು “ಉಘೇ ಮಾದಪ್ಪ!” ಅಂದು ಕಂಚಿನ ತಾಳ ತಟ್ಟಿದರು ನೋಡಿ, ನನ್ನ ಮೈಯೆಲ್ಲ ಜುಮ್ಮೆಂದಿತು!

ಗೇಟುಗಳು ತೆರೆದವು. ಹೆಂಗಸರು ಸ್ಟೀಲ್ ಪಾತ್ರೆಗಳಲ್ಲಿ ಅಕ್ಕಿ ತಂದರು. ‘ಮನೇಲಿಲ್ಲದ’ ಯಜಮಾನರು ಪಂಚೆ ಸರಿ ಮಾಡಿಕೊಳ್ಳುತ್ತಾ ಬಂದರು. ಮೂಲೆ ಮನೆಯ ಬ್ಯಾಂಕ್ ಮ್ಯಾನೇಜರಮ್ಮ, ಬೆಳಗ್ಗೆ ನಮಗೆ ಬಾಗಿಲನ್ನೇ ತೆಗೆಯದವರು, ಈಗ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. “ನಮ್ಮಜ್ಜಿ ಮನೆ ಮುಂದೆ ಇವ್ರು ಬರೋರು ಕಣ್ರೀ. ನಾನೇ ಓಡೋಗಿ ಅಕ್ಕಿ ಹಾಕ್ತಿದ್ದೆ” ಅಂದರು. ಮಾದೇವಪ್ಪ ಅವರ ಹಣೆಗೆ ವಿಭೂತಿ ಇಟ್ಟರು. ಜೋಳಿಗೆಗೆ ಅಕ್ಕಿಯ ಜೊತೆ ನೋಟುಗಳೂ ಬಿದ್ದವು.

ಸುಶೀಲಮ್ಮ ಅಭ್ಯಾಸಬಲದಿಂದ ರಸೀದಿ ಹರಿಯಲು ಹೋದರು. ಮ್ಯಾನೇಜರಮ್ಮ ಗದರಿದರು: “ಜೋಳ್ಗೆಗೆ ಹಾಕಿದ್ದಕ್ಕೆ ಯಾರಾದ್ರೂ ರಸೀದಿ ಈಸ್ಕೋತಾರೇನ್ರೀ?”

ಎರಡು ಬೀದಿ ಮುಗಿಯುವಷ್ಟರಲ್ಲಿ ನಮ್ಮ ಹಿಂದೆ ಒಂದು ಮೆರವಣಿಗೆಯೇ ಇತ್ತು. ನನ್ನ ಷಡ್ಡಕರು ಅದರ ಮುಂದೆ ಟ್ರಾಫಿಕ್ ಪೊಲೀಸರಂತೆ ದಾರಿ ಬಿಡಿಸುತ್ತಿದ್ದರು! ಸಂಜೆ ಐದಕ್ಕೆ ಶಾಮಿಯಾನದವರ ಅಡ್ವಾನ್ಸ್ ಸಂದಾಯವಾಯಿತು. ಹಬ್ಬ ಗ್ಯಾರಂಟಿ. ಬಂದ ಅಕ್ಕಿಯಲ್ಲಿ ಹಬ್ಬದ ದಿನ ಎಲ್ಲರಿಗೂ ಊಟ. ನೀವೂ ಬನ್ನಿ.

ಬಸ್ಸು ಹತ್ತುವಾಗ ಮಾದೇವಪ್ಪ ನನ್ನ ಕೈ ಹಿಡಿದುಕೊಂಡರು. “ಇನ್ಮ್ಯಾಕೆ ನನ್ ಮಾನ ಕಾಯಕ್ ಹೋಗ್ಬೇಡಿ ಸ್ವಾಮಿ. ಜೊತೇಲಿ ನಡೀರಿ, ಸಾಕು.”

‘ಜಾನಪದ ಉಳಿಸೋಣ’ ಅಂತ ಮೈಕ್ ಹಿಡಿಯುವ ಮುಂಚೆ ನನಗೀಗ ಒಂದೇ ಅನುಮಾನ: ಉಳಿಸುವವರು ನಾವಾ, ಅವರಾ?